ಹಸುವಿಗೆ ಏನೂ ಆಗಿಲ್ಲ, ಅದೇ ಸಮಸ್ಯೆ

ದಸರಾ ರಜೆಗೆ ಊರಿಗೆ ಹೋಗಿದ್ದಾಗ ನನಗೂ ನಮ್ಮ ತಾತನಿಗೂ ಸಣ್ಣದೊಂದು ಜಗಳ ಆಯ್ತು. ವಿಷಯ ಹಾಲಿನದ್ದು. ತಾತ ಬೆಳಗ್ಗೆ ಕೊಟ್ಟಿಗೆಯಲ್ಲಿ ಹಾಲು ಕರೆದು, ಹಾಗೇ ಒಂದು ಲೋಟ ನೊರೆಹಾಲನ್ನು ನನ್ನ ಚಿಕ್ಕಪ್ಪನ ಮಗಳ ಕೈಗೆ ಕೊಟ್ಟರು. ಅವಳಿಗೆ ನಾಲ್ಕು ವರ್ಷ. "ಕಾಸಿ ಕೊಡಿ ತಾತ, ಬ್ಯಾಕ್ಟೀರಿಯಾ ಇರತ್ತೆ" ಅಂದೆ. ತಾತ ಹಸುವಿನ ಬೆನ್ನು ಸವರುತ್ತಾ, "ಗೌರಿಗೆ ಏನಾಗಿದೆ ಹೇಳು? ಚೆನ್ನಾಗಿ ಮೇವು ತಿಂತಾಳೆ, ಮೈ ಹೊಳೀತಿದೆ, ಒಂದು ದಿನ ಮಲಗಿದವಳಲ್ಲ. ಅವಳೇ ಚೆನ್ನಾಗಿರೋವಾಗ ಅವಳ ಹಾಲಿಗೆ ಏನು ರೋಗ?" ಅಂದರು.

ನನಗೆ ಉತ್ತರ ಹೊಳೆಯಲಿಲ್ಲ. ಯಾಕಂದ್ರೆ ಕೇಳೋಕೆ ಅದು ಸರಿಯಾದ ಮಾತೇ. ಹಾಸ್ಟೆಲ್‌ಗೆ ವಾಪಸ್ ಬಂದ ಮೇಲೆ ಈ ಬಗ್ಗೆ ಓದುತ್ತಾ ಹೋದೆ. ಆಗ ಗೊತ್ತಾಗಿದ್ದು ಏನಂದ್ರೆ, ಅಮೆರಿಕದಲ್ಲಿ ಸರ್ಕಾರವೇ ಸುಮಾರು 87 ವರ್ಷ ಹೆಚ್ಚುಕಮ್ಮಿ ತಾತನ ಲಾಜಿಕ್ ಇಟ್ಟುಕೊಂಡೇ ಮಾಂಸವನ್ನು ಪರೀಕ್ಷೆ ಮಾಡ್ತಿತ್ತು. 1993ರಲ್ಲಿ ಆ ಲಾಜಿಕ್ ಕೈಕೊಟ್ಟಿತು.

ನಾನು ಓದ್ತಿರೋದು ಮೆಕ್ಯಾನಿಕಲ್, ಮೈಕ್ರೋಬಯಾಲಜಿ ಅಲ್ಲ. ಆದರೆ ಈ ಕಥೆಯಲ್ಲಿ ಪ್ರಾಬಬಿಲಿಟಿ ಇದೆ, ಹೀಟ್ ಇದೆ, ಕ್ವಾಲಿಟಿ ಕಂಟ್ರೋಲ್ ಇದೆ. ಹಾಗಾಗಿ ಬರೆಯೋ ಧೈರ್ಯ ಮಾಡಿದ್ದೀನಿ. ಒಂದನೇ ಕ್ಲಾಸಿಂದ ಇಂಗ್ಲಿಷ್ ಮೀಡಿಯಂ, ಕನ್ನಡದಲ್ಲಿ ಇಷ್ಟುದ್ದ ಬರೀತಿರೋದು ಇದೇ ಮೊದಲು. ತಪ್ಪಿದ್ದರೆ ಹೊಟ್ಟೆಗೆ ಹಾಕ್ಕೊಳ್ಳಿ.

1993ರಲ್ಲಿ ಆಗಿದ್ದೇನು?

1993ರ ಜನವರಿಯಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಆಸ್ಪತ್ರೆಗಳಿಗೆ ರಕ್ತಭೇದಿಯಾದ ಮಕ್ಕಳು ಒಬ್ಬರ ಹಿಂದೆ ಒಬ್ಬರು ಬರತೊಡಗಿದರು. ಕೆಲವರಿಗೆ ಕಿಡ್ನಿಯೇ ಕೆಲಸ ನಿಲ್ಲಿಸಿತ್ತು. ಹುಡುಕುತ್ತಾ ಹೋದಾಗ ಎಲ್ಲರ ದಾರಿಯೂ ಜ್ಯಾಕ್ ಇನ್ ದ ಬಾಕ್ಸ್ ಅನ್ನೋ ಹೋಟೆಲ್ ಸರಣಿಯ ಹ್ಯಾಂಬರ್ಗರ್ ಹತ್ತಿರ ಬಂದು ನಿಂತಿತು. ವಾಷಿಂಗ್ಟನ್, ಐಡಾಹೊ, ಕ್ಯಾಲಿಫೋರ್ನಿಯಾ, ನೆವಾಡಾ, ಹೀಗೆ ನಾಲ್ಕು ರಾಜ್ಯಗಳಲ್ಲಿ 700ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು. ನಾಲ್ಕು ಮಕ್ಕಳು ತೀರಿಕೊಂಡರು. ಅವರಲ್ಲಿ ಬರ್ಗರ್ ತಿನ್ನದೇ ಇದ್ದ ಮಗುವೂ ಇತ್ತು. ಅದಕ್ಕೆ ಇನ್ನೊಂದು ಮಗುವಿನಿಂದ ಸೋಂಕು ಹರಡಿತ್ತು.

ಆ ಮಾಂಸಕ್ಕೆ ಸರ್ಕಾರಿ ಇನ್‌ಸ್ಪೆಕ್ಷನ್ ಆಗಿರಲಿಲ್ವಾ ಅಂದ್ರೆ, ಆಗಿತ್ತು. 1906ರ ಕಾನೂನಿನ ಪ್ರಕಾರ ಕಸಾಯಿಖಾನೆಯಲ್ಲಿ ಇನ್‌ಸ್ಪೆಕ್ಟರ್ ಪ್ರತಿ ಪ್ರಾಣಿಯನ್ನು ನೋಡಿ, ಮುಟ್ಟಿ, ಮೂಸಿ, ಕಾಯಿಲೆಯ ಗುರುತು ಇಲ್ಲದಿದ್ದರೆ ಪಾಸ್ ಮಾಡ್ತಿದ್ದ. ಬಾವು, ಗಡ್ಡೆ, ಕೊಳೆತ ವಾಸನೆ ಇದ್ದರೆ ಸಿಕ್ಕಿಬೀಳತ್ತೆ. ಆದರೆ ಇಲ್ಲಿ ಪ್ರಾಣಿಗೆ ಕಾಯಿಲೆಯೇ ಇರಲಿಲ್ಲ. ಗೌರಿಯ ಹಾಗೆ ಅವೂ ಚೆನ್ನಾಗಿಯೇ ಇದ್ದವು.

ಯಾವುದು ಈ ಬ್ಯಾಕ್ಟೀರಿಯಾ?

ಹೆಸರು ಇ. ಕೊಲೈ ಒ157:ಎಚ್7. ಇ. ಕೊಲೈ ಅಂದ ತಕ್ಷಣ ಹೆದರಬೇಕಿಲ್ಲ. ನಮ್ಮ ನಿಮ್ಮ ಕರುಳಲ್ಲಿ ಈಗಲೂ ಕೋಟಿಗಟ್ಟಲೆ ಇ. ಕೊಲೈ ಇವೆ, ಬಹುಪಾಲು ತಮ್ಮ ಪಾಡಿಗೆ ತಾವಿರುತ್ತವೆ. ಒ157:ಎಚ್7 ಅನ್ನೋದು ಅದರಲ್ಲೊಂದು ತಳಿ. 1982ರಲ್ಲಿ ಓರೆಗಾನ್ ಮತ್ತು ಮಿಷಿಗನ್ ರಾಜ್ಯಗಳಲ್ಲಿ ಹ್ಯಾಂಬರ್ಗರ್ ತಿಂದವರಿಗೆ ರಕ್ತಭೇದಿ ಆದಾಗ ಇದು ಮನುಷ್ಯರಿಗೆ ಕಾಯಿಲೆ ತರತ್ತೆ ಅಂತ ಗೊತ್ತಾಯ್ತು.

ಇದನ್ನು ಅಪಾಯಕಾರಿ ಮಾಡೋದು ಶಿಗಾ ಟಾಕ್ಸಿನ್ ಅನ್ನೋ ವಿಷ. 1897ರಲ್ಲಿ ಆಮಶಂಕೆಯ ಬ್ಯಾಕ್ಟೀರಿಯಾ ಕಂಡುಹಿಡಿದ ಜಪಾನಿನ ಕಿಯೋಶಿ ಶಿಗಾ ಅವರ ಹೆಸರೇ ಇದಕ್ಕೆ ಬಂದಿದೆ. ಈ ವಿಷದ ಜೀನ್ ಇರೋದು ಬ್ಯಾಕ್ಟೀರಿಯಾದ ಒಳಗೆ ಸೇರಿಕೊಂಡಿರೋ ಒಂದು ವೈರಸ್‌ನಲ್ಲಿ. ಬ್ಯಾಕ್ಟೀರಿಯಾಕ್ಕೆ ತಗಲುವ ಇಂಥ ವೈರಸ್‌ಗೆ ಫೇಜ್ ಅಂತಾರೆ. ಯಾರೋ ಹಾಕಿದ ಪೆನ್ ಡ್ರೈವ್‌ನಿಂದ ಲ್ಯಾಪ್‌ಟಾಪ್‌ಗೆ ಮಾಲ್‌ವೇರ್ ಬಂದ ಹಾಗೆ.

ವಿಷ ನಮ್ಮ ಜೀವಕೋಶದೊಳಗೆ ಹೋಗಿ ರೈಬೋಸೋಮ್ ಅನ್ನು ಕೆಡಿಸುತ್ತದೆ. ಪ್ರೋಟೀನ್ ತಯಾರಿ ನಿಂತರೆ ಜೀವಕೋಶ ಸಾಯುತ್ತದೆ. ಸೋಂಕು ತಗುಲಿದವರಲ್ಲಿ ಸುಮಾರು ಶೇ. 5ರಿಂದ 10ರಷ್ಟು ಜನರಿಗೆ ಹೀಮೋಲಿಟಿಕ್ ಯುರೀಮಿಕ್ ಸಿಂಡ್ರೋಮ್ ಅನ್ನೋ ಸ್ಥಿತಿ ಬರುತ್ತದೆ. ಕೆಂಪು ರಕ್ತಕಣಗಳು ಒಡೆದು ಕಿಡ್ನಿ ಕೈಕೊಡುತ್ತದೆ. ಐದು ವರ್ಷದೊಳಗಿನ ಮಕ್ಕಳಿಗೆ ಅಪಾಯ ಹೆಚ್ಚು. ಆಂಟಿಬಯಾಟಿಕ್ ಕೊಟ್ಟರೆ ಬ್ಯಾಕ್ಟೀರಿಯಾ ಇನ್ನಷ್ಟು ವಿಷ ಬಿಡಬಹುದು ಅಂತ ವೈದ್ಯರು ಇದಕ್ಕೆ ಅದನ್ನು ಕೊಡೋಕೂ ಹಿಂಜರಿಯುತ್ತಾರೆ. ಇನ್ನೊಂದು ವಿಷಯ: ಕಾಯಿಲೆ ಬರೋಕೆ ನೂರಕ್ಕಿಂತ ಕಡಿಮೆ ಬ್ಯಾಕ್ಟೀರಿಯಾ ಹೊಟ್ಟೆಗೆ ಹೋದರೂ ಸಾಕು. ಅಷ್ಟಿದ್ದರೆ ಊಟದ ಬಣ್ಣ, ವಾಸನೆ, ರುಚಿ ಯಾವುದೂ ಬದಲಾಗಲ್ಲ.

ಹಸುವಿಗೆ ಯಾಕೆ ಏನೂ ಆಗಲ್ಲ?

ತಾತನ ಪ್ರಶ್ನೆಗೆ ಉತ್ತರ ಇಲ್ಲಿದೆ. ಶಿಗಾ ಟಾಕ್ಸಿನ್ ಜೀವಕೋಶದ ಒಳಗೆ ಹೋಗಬೇಕಂದ್ರೆ ಮೊದಲು ಅದರ ಮೇಲಿರೋ ಜಿಬಿ3 ಅನ್ನೋ ರಿಸೆಪ್ಟರ್‌ಗೆ ಅಂಟಿಕೊಳ್ಳಬೇಕು. ಅದನ್ನು ಬಾಗಿಲಿನ ಚಿಲಕ ಅಂದುಕೊಳ್ಳಿ. ನಮ್ಮ ಕಿಡ್ನಿಯ ಸೂಕ್ಷ್ಮ ರಕ್ತನಾಳಗಳ ಗೋಡೆಯಲ್ಲಿ ಈ ಚಿಲಕ ಬೇಕಾದಷ್ಟಿದೆ. ದನಗಳ ರಕ್ತನಾಳಗಳಲ್ಲಿ ಅದು ಇಲ್ಲ ಅಂತ 2000ನೇ ಇಸವಿಯಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಚಿಲಕವೇ ಇಲ್ಲದ ಮೇಲೆ ಕಳ್ಳ ಎಲ್ಲಿಂದ ಒಳಗೆ ಬರಬೇಕು? ಹಾಗಾಗಿ ದನದ ಹೊಟ್ಟೆಯಲ್ಲಿ ಬ್ಯಾಕ್ಟೀರಿಯಾ ಆರಾಮಾಗಿ ಬಾಡಿಗೆಗಿರುತ್ತದೆ. ದನಕ್ಕೆ ಜ್ವರವಿಲ್ಲ, ಭೇದಿಯಿಲ್ಲ, ಹಾಲೂ ಕಡಿಮೆಯಾಗಲ್ಲ.

2003ರಲ್ಲಿ ಸ್ಕಾಟ್ಲೆಂಡಿನ ಸಂಶೋಧಕರು ಇನ್ನೊಂದು ವಿಷಯ ಕಂಡುಕೊಂಡರು. ಈ ಬ್ಯಾಕ್ಟೀರಿಯಾ ದನದ ಕರುಳಿನ ತುಂಬಾ ಸಮನಾಗಿ ಹರಡಿರಲ್ಲ, ದೊಡ್ಡ ಕರುಳಿನ ತುದಿಯಲ್ಲಿ, ಗುದದ್ವಾರದ ಹತ್ತಿರದ ಕೆಲವೇ ಸೆಂಟಿಮೀಟರ್ ಜಾಗದಲ್ಲಿ ಗೂಡು ಕಟ್ಟುತ್ತದೆ. ಸಗಣಿ ಹೊರಗೆ ಬರೋದೇ ಆ ದಾರಿಯಲ್ಲಿ. ಎಲ್ಲ ದನಗಳೂ ಒಂದೇ ಪ್ರಮಾಣದಲ್ಲಿ ಹರಡಲ್ಲ ಅನ್ನೋದೂ ಗೊತ್ತಾಯ್ತು. ಕೆಲವು ದನಗಳ ಒಂದು ಗ್ರಾಂ ಸಗಣಿಯಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಬ್ಯಾಕ್ಟೀರಿಯಾ ಇರುತ್ತವೆ. ಇವನ್ನು ಸೂಪರ್ ಶೆಡ್ಡರ್ ಅಂತಾರೆ. ಮಂದೆಯಲ್ಲಿ ಇವು ಇರೋದು ಕಡಿಮೆ, ಆದರೆ ಹರಡುವಿಕೆಯ ದೊಡ್ಡ ಪಾಲು ಇವುಗಳದ್ದೇ. ನೋಡೋಕೆ ಮಾತ್ರ ಇವೂ ಉಳಿದ ದನಗಳ ಹಾಗೇ ಇರುತ್ತವೆ.

ಸಗಣಿಯಿಂದ ಮಾಂಸಕ್ಕೆ ಹೇಗೆ ಬಂತು?

ಆರೋಗ್ಯವಂತ ಪ್ರಾಣಿಯ ಮಾಂಸಖಂಡದ ಒಳಗೆ ಸಾಮಾನ್ಯವಾಗಿ ಬ್ಯಾಕ್ಟೀರಿಯಾ ಇರಲ್ಲ. ಬರೋದು ಚರ್ಮದಿಂದ. ದನ ಸಗಣಿಯಲ್ಲಿ ಮಲಗುತ್ತದೆ, ಚರ್ಮಕ್ಕೆ ಮೆತ್ತಿಕೊಳ್ಳುತ್ತದೆ, ಕಸಾಯಿಖಾನೆಯಲ್ಲಿ ಚರ್ಮ ಸುಲಿಯುವಾಗ ಕೈ, ಚಾಕು, ಗಾಳಿಯ ಮೂಲಕ ಮಾಂಸದ ಮೇಲ್ಮೈಗೆ ತಗಲುತ್ತದೆ.

ಅಮೆರಿಕದ ಕೃಷಿ ಇಲಾಖೆಗೆ ನೆಬ್ರಾಸ್ಕಾದ ಕ್ಲೇ ಸೆಂಟರ್‌ನಲ್ಲಿ ಒಂದು ಸಂಶೋಧನಾ ಕೇಂದ್ರ ಇದೆ. ಅಲ್ಲಿನವರು ದೊಡ್ಡ ಮಾಂಸ ಘಟಕಗಳಿಗೆ ಹೋಗಿ ಹಂತಹಂತವಾಗಿ ಸ್ಯಾಂಪಲ್ ತೆಗೆದು 2000ನೇ ಇಸವಿಯಲ್ಲಿ ಫಲಿತಾಂಶ ಪ್ರಕಟಿಸಿದರು. ಒ157 ಸಿಕ್ಕಿದ್ದು ಸಗಣಿ ಸ್ಯಾಂಪಲ್‌ಗಳಲ್ಲಿ ಶೇ. 28ರಲ್ಲಿ. ಚರ್ಮ ಸುಲಿದು, ಹೊಟ್ಟೆಯ ಭಾಗ ಇನ್ನೂ ತೆಗೆಯದ ಹಂತದ ಮಾಂಸದ ಮೇಲೆ ಶೇ. 43ರಲ್ಲಿ. ಹೊಟ್ಟೆಯ ಭಾಗ ತೆಗೆದ ಮೇಲೆ ಶೇ. 18. ತೊಳೆದು, ಎಲ್ಲ ಪ್ರಕ್ರಿಯೆ ಮುಗಿದ ಮೇಲೆ ಶೇ. 2.

ಈ ನಂಬರ್‌ಗಳಲ್ಲಿ ಎರಡು ಸುದ್ದಿ ಇವೆ. ಕೆಟ್ಟದ್ದು, ಚರ್ಮ ಸುಲಿಯುವ ಹಂತದಲ್ಲಿ ಬ್ಯಾಕ್ಟೀರಿಯಾ ಒಂದು ಪ್ರಾಣಿಯಿಂದ ಇನ್ನೊಂದಕ್ಕೂ ಹರಡುತ್ತಿತ್ತು. ಒಳ್ಳೆಯದು, ಬಿಸಿನೀರು, ಹಬೆ, ಲ್ಯಾಕ್ಟಿಕ್ ಆಸಿಡ್ ತೊಳೆತದಂಥ ಉಪಾಯಗಳು ನಿಜಕ್ಕೂ ಕೆಲಸ ಮಾಡ್ತಿದ್ದವು. ಚರ್ಮ ಸುಲಿಯುವ ಮೊದಲೇ ಅದನ್ನು ತೊಳೆಯೋದಕ್ಕೆ ಆಮೇಲೆ ಒತ್ತು ಸಿಕ್ಕಿತು.

ಹಾಗಾದ್ರೆ ಬರ್ಗರ್ ಯಾಕೆ ವಿಶೇಷ? ಇಡೀ ಮಾಂಸದ ತುಂಡಾದರೆ ಬ್ಯಾಕ್ಟೀರಿಯಾ ಇರೋದು ಮೇಲ್ಮೈಯಲ್ಲಿ, ಬಾಣಲೆಗೆ ಹಾಕಿದ ತಕ್ಷಣ ಸಾಯುತ್ತದೆ. ಆದರೆ ಕೀಮಾ ಮಾಡಿದಾಗ ಮೇಲ್ಮೈಯೇ ಒಳಗೆ ಹೋಗುತ್ತದೆ. ಜೊತೆಗೆ ಎಷ್ಟೋ ದನಗಳ ಚೂರುಗಳು ಒಂದೇ ಮೆಷಿನ್‌ನಲ್ಲಿ ಬೆರೆಯುತ್ತವೆ. ಒಂದು ಲೆಕ್ಕ ಮಾಡೋಣ. ನೂರು ದನಗಳಲ್ಲಿ ಒಂದರ ಮಾಂಸದಲ್ಲಿ ಮಾತ್ರ ಬ್ಯಾಕ್ಟೀರಿಯಾ ಇದೆ ಅಂದುಕೊಳ್ಳಿ. ಒಂದೇ ದನದ ತುಂಡಾದರೆ ಅಪಾಯ ಶೇ. 1. ನೂರು ದನಗಳ ಚೂರು ಬೆರೆತ ಬ್ಯಾಚ್ ಆದರೆ, 0.99 ಅನ್ನು ನೂರು ಸಲ ಗುಣಿಸಿ 1ರಿಂದ ಕಳೆಯಿರಿ. ಉತ್ತರ ಸುಮಾರು ಶೇ. 63.

ಇನ್ನು ಬೇಯಿಸುವ ವಿಷಯ. ಆಗ ಕೇಂದ್ರ ಸರ್ಕಾರದ ಸೂಚನೆ ಬರ್ಗರ್ ಒಳಗೆ 60 ಡಿಗ್ರಿ ಸೆಲ್ಸಿಯಸ್ ಆಗಬೇಕು ಅಂತಿತ್ತು. ವಾಷಿಂಗ್ಟನ್ ರಾಜ್ಯ ಸುಮಾರು 68 ಡಿಗ್ರಿ ಅಂತ ನಿಯಮ ಮಾಡಿತ್ತು. ಹೋಟೆಲಿನವರು ಅನುಸರಿಸ್ತಿದ್ದದ್ದು ಕಡಿಮೆಯದ್ದನ್ನು. ಎಂಟು ಡಿಗ್ರಿ ಏನು ಮಹಾ ಅನ್ನಿಸಬಹುದು. ಎಷ್ಟು ಮಹಾ ಅಂತ ಕೊನೆಯಲ್ಲಿ ಲೆಕ್ಕ ಹಾಕೋಣ.

ಟೆಸ್ಟ್ ಮಾಡಿದ್ರೆ ಆಯ್ತಲ್ಲ?

ನನಗೂ ಮೊದಲು ಅನ್ನಿಸಿದ್ದು ಇದೇ. ಲ್ಯಾಬ್‌ನಲ್ಲಿ ಟೆಸ್ಟ್ ಮಾಡಿ, ಪಾಸಿಟಿವ್ ಬಂದರೆ ಎಸೆಯೋದು. ಅಮೆರಿಕದ ಮಾಂಸ ಘಟಕಗಳಲ್ಲಿ ಬಹಳ ಕಾಲ ಹೆಚ್ಚು ಬಳಕೆಯಲ್ಲಿದ್ದ ಪದ್ಧತಿಯಲ್ಲಿ ಒಂದು ಲಾಟ್‌ನಿಂದ 60 ಚೂರು ತೆಗೆದು ಪರೀಕ್ಷಿಸುತ್ತಿದ್ದರು. ಇದು ನಮ್ಮ ಮ್ಯಾಥ್ಸ್ ಪೇಪರ್‌ನ ಬೈನಾಮಿಯಲ್ ಪ್ರಾಬ್ಲಮ್ಮೇ.

ಲಾಟ್‌ನ ಶೇ. 5 ಭಾಗ ಕೆಟ್ಟಿದ್ದರೆ 60ರಲ್ಲಿ ಒಂದಾದರೂ ಸಿಕ್ಕಿಬೀಳುವ ಸಾಧ್ಯತೆ: 1ರಿಂದ 0.95ರ 60ನೇ ಘಾತ ಕಳೆದರೆ ಸುಮಾರು ಶೇ. 95. ಪರವಾಗಿಲ್ಲ. ಶೇ. 1 ಭಾಗ ಕೆಟ್ಟಿದ್ದರೆ ಸಾಧ್ಯತೆ ಶೇ. 45ಕ್ಕೆ ಇಳಿಯುತ್ತದೆ. ನಾಣ್ಯ ಚಿಮ್ಮಿದ್ದಕ್ಕಿಂತ ಕಡೆ. ಸಾವಿರದಲ್ಲಿ ಒಂದು ಭಾಗ ಕೆಟ್ಟಿದ್ದರೆ ಬರೀ ಶೇ. 6. ಅಂದ್ರೆ ಅಂಥ ನೂರು ಲಾಟ್‌ಗಳಲ್ಲಿ 94 ಲಾಟ್ "ನೆಗೆಟಿವ್" ಚೀಟಿ ಅಂಟಿಸಿಕೊಂಡೇ ಹೊರಗೆ ಹೋಗುತ್ತವೆ. ಲ್ಯಾಬ್‌ನವರ ತಪ್ಪೇನೂ ಇಲ್ಲ. ಸಮಸ್ಯೆ ಅಪರೂಪದ್ದಾದಷ್ಟೂ ಸ್ಯಾಂಪ್ಲಿಂಗ್ ಕುರುಡಾಗುತ್ತದೆ. ನೂರಕ್ಕಿಂತ ಕಡಿಮೆ ಬ್ಯಾಕ್ಟೀರಿಯಾ ಸಾಕು ಅನ್ನೋ ಕಾಯಿಲೆಗೆ ಇದು ಸಾಲದು.

ಗಗನಯಾತ್ರಿಗಳ ಊಟದಿಂದ ಬಂದ ಪಾಠ

ಇದೇ ಸಮಸ್ಯೆ 1960ರ ದಶಕದಲ್ಲಿ ನಾಸಾಗೆ ಬಂದಿತ್ತು. ಬಾಹ್ಯಾಕಾಶದಲ್ಲಿ ಗಗನಯಾತ್ರಿಗೆ ಭೇದಿ ಶುರುವಾದರೆ ಏನು ಗತಿ? ನಾಸಾಗೆ ಊಟ ತಯಾರಿಸುತ್ತಿದ್ದ ಪಿಲ್ಸ್‌ಬರಿ ಕಂಪನಿಯಲ್ಲಿ ಹೋವರ್ಡ್ ಬೌಮನ್ ಅನ್ನೋ ಮೈಕ್ರೋಬಯಾಲಜಿಸ್ಟ್ ಇದ್ದರು. ಪೂರ್ತಿ ಭರವಸೆ ಸಿಗೋವಷ್ಟು ಟೆಸ್ಟ್ ಮಾಡಿದರೆ ತಯಾರಾದ ಊಟದ ಬಹುಪಾಲು ಟೆಸ್ಟ್‌ಗೇ ಖರ್ಚಾಗಿ, ತಿನ್ನೋಕೆ ಸ್ವಲ್ಪವೇ ಉಳಿಯುತ್ತದೆ ಅಂತ ಅವರ ತಂಡಕ್ಕೆ ಅರ್ಥವಾಯ್ತು. ಹಾಗಾಗಿ ಪ್ರಶ್ನೆಯನ್ನೇ ಬದಲಾಯಿಸಿದರು. "ತಯಾರಾದ ವಸ್ತು ಸರಿ ಇದೆಯಾ?" ಅಂತ ಕೇಳೋ ಬದಲು "ಯಾವ ಹಂತದಲ್ಲಿ ಕೆಡಬಹುದು, ಅಲ್ಲೇ ಹೇಗೆ ತಡೀಬೇಕು?" ಅಂತ ಕೇಳಿದರು.

ಇದೇ ಮುಂದೆ ಹ್ಯಾಸಪ್ ಅನ್ನೋ ಪದ್ಧತಿ ಆಯ್ತು. ಇದರಲ್ಲಿ ಇಡೀ ಪ್ರಕ್ರಿಯೆಯ ಫ್ಲೋಚಾರ್ಟ್ ಬರೀತಾರೆ. ಅಪಾಯವನ್ನು ತಡೆಯಬಹುದಾದ ಜಾಗಗಳನ್ನು ಗುರುತಿಸುತ್ತಾರೆ. ಅವು ಕ್ರಿಟಿಕಲ್ ಕಂಟ್ರೋಲ್ ಪಾಯಿಂಟ್‌ಗಳು. ಪ್ರತಿ ಪಾಯಿಂಟ್‌ಗೂ ಅಳೆಯಬಹುದಾದ ಮಿತಿ ಇರಬೇಕು: ಇಷ್ಟು ಡಿಗ್ರಿ, ಇಷ್ಟು ಸೆಕೆಂಡ್. ಅಳೆದು ದಾಖಲೆ ಇಡಬೇಕು, ಮಿತಿ ದಾಟಿದರೆ ಏನು ಮಾಡಬೇಕು ಅನ್ನೋದು ಮೊದಲೇ ಬರೆದಿರಬೇಕು.

ನಾಲ್ಕು ಮಕ್ಕಳ ಸಾವಿನ ನಂತರ ಅಮೆರಿಕದ ಮಾಂಸ ಉದ್ಯಮಕ್ಕೂ ಇದು ಬಂತು. 1994ರ ಸೆಪ್ಟೆಂಬರ್‌ನಲ್ಲಿ ಮಾಂಸ ತಪಾಸಣಾ ಸಂಸ್ಥೆಯ ಮುಖ್ಯಸ್ಥ ಮೈಕಲ್ ಟೇಲರ್, ಒ157 ಇರೋ ಕೀಮಾವನ್ನು ಕಲಬೆರಕೆ ಅಂತ ಪರಿಗಣಿಸ್ತೀವಿ, ಮಾರೋ ಹಾಗಿಲ್ಲ ಅಂತ ಘೋಷಿಸಿದರು. ಅಲ್ಲಿಯವರೆಗೆ "ಸರಿಯಾಗಿ ಬೇಯಿಸಿಕೊಳ್ಳೋದು ತಿನ್ನೋರ ಜವಾಬ್ದಾರಿ" ಅನ್ನೋದೇ ವಾದವಾಗಿತ್ತು. ಉದ್ಯಮದವರು ಕೋರ್ಟಿಗೆ ಹೋದರು, ಸೋತರು. 1996ರಲ್ಲಿ ಹ್ಯಾಸಪ್ ಕಡ್ಡಾಯ ಮಾಡುವ ನಿಯಮ ಬಂತು. 1998ರಿಂದ ದೊಡ್ಡ ಘಟಕಗಳಿಗೆ, 2000ದ ಹೊತ್ತಿಗೆ ತೀರಾ ಸಣ್ಣವಕ್ಕೂ ಅದು ಅನ್ವಯವಾಯ್ತು.

ಲಸಿಕೆ ಬಂತು, ಕೊಳ್ಳೋರು ಬರಲಿಲ್ಲ

ಮೂಲದಲ್ಲೇ, ಅಂದ್ರೆ ದನದ ಹೊಟ್ಟೆಯಲ್ಲೇ ತಡೆದರೆ ಇನ್ನೂ ಒಳ್ಳೆಯದಲ್ವಾ? ಅದಕ್ಕೂ ಪ್ರಯತ್ನ ಆಯ್ತು. ದನಗಳಿಗೆ ಕೊಡುವ ಒ157 ಲಸಿಕೆಗೆ ಕೆನಡಾದಲ್ಲಿ 2008ರಲ್ಲಿ ಅನುಮತಿ ಸಿಕ್ಕಿತು. 2009ರಲ್ಲಿ ಅಮೆರಿಕದಲ್ಲಿ ಬೇರೊಂದು ಲಸಿಕೆಗೆ ಷರತ್ತಿನ ಅನುಮತಿ ಸಿಕ್ಕಿತು. ಲಸಿಕೆ ಹಾಕಿದರೆ ಸಗಣಿಯಲ್ಲಿ ಬ್ಯಾಕ್ಟೀರಿಯಾ ಕಡಿಮೆ ಆಗ್ತಿತ್ತು. ಆದರೂ ಹೆಚ್ಚು ಜನ ಕೊಳ್ಳಲಿಲ್ಲ.

ಕಾರಣ ಸರಳ. ಬ್ರುಸೆಲ್ಲೋಸಿಸ್ ಬಂದರೆ ಹಸು ಕಂದು ಹಾಕುತ್ತದೆ, ರೈತನಿಗೆ ನಷ್ಟ ಕಣ್ಣಿಗೆ ಕಾಣುತ್ತದೆ, ಲಸಿಕೆಗೆ ಮನಸ್ಸು ಮಾಡ್ತಾನೆ. ಒ157 ಇದ್ದರೆ ದನಕ್ಕೆ ಏನೂ ಆಗಲ್ಲ. ತೂಕ ಇಳಿಯಲ್ಲ, ಬೆಲೆ ಇಳಿಯಲ್ಲ. ಲಸಿಕೆಯ ಖರ್ಚು ಸಾಕುವವನದ್ದು, ಲಾಭ ಎಲ್ಲೋ ದೂರದ ಊರಿನ ಯಾರದ್ದೋ ಮಗುವಿನದ್ದು. ರೈತನನ್ನು ಬೈದು ಪ್ರಯೋಜನ ಇಲ್ಲ. ಖರ್ಚು ಒಬ್ಬರಿಗೆ, ಲಾಭ ಇನ್ನೊಬ್ಬರಿಗೆ ಆದಾಗ ಎಂಥ ಒಳ್ಳೆಯ ತಂತ್ರಜ್ಞಾನವೂ ಕಪಾಟಿನಲ್ಲೇ ಉಳಿಯುತ್ತದೆ.

"ನಾನು ವೆಜ್, ನನಗೇನು?"

ನನ್ನ ರೂಮ್‌ಮೇಟ್ ಇಷ್ಟು ಕೇಳಿ ಹೇಳಿದ್ದು ಇದನ್ನೇ. ಅವನಿಗೋಸ್ಕರ ಈ ಪ್ಯಾರಾ. 2018ರಲ್ಲಿ ಅಮೆರಿಕದಲ್ಲಿ ರೊಮೇನ್ ಲೆಟಿಸ್ ಸೊಪ್ಪು ತಿಂದು 210 ಜನರಿಗೆ ಒ157 ಸೋಂಕು ತಗುಲಿತು, ಐವರು ಸತ್ತರು. ಸೊಪ್ಪು ಬೆಳೆದದ್ದು ಅರಿಜೋನಾದ ಯುಮಾ ಪ್ರದೇಶದಲ್ಲಿ. ಅಲ್ಲಿನ ನೀರಾವರಿ ಕಾಲುವೆಯ ನೀರಲ್ಲಿ ಅದೇ ತಳಿ ಸಿಕ್ಕಿತು. ಕಾಲುವೆಯ ಪಕ್ಕದಲ್ಲೇ ಒಂದು ಲಕ್ಷಕ್ಕೂ ಹೆಚ್ಚು ದನ ಹಿಡಿಸುವ ಫೀಡ್‌ಲಾಟ್ ಇತ್ತು. ಅಲ್ಲಿಂದಲೇ ಬಂತು ಅಂತ ಪಕ್ಕಾ ಪುರಾವೆ ಸಿಗಲಿಲ್ಲ. ಆದರೆ ಸೊಪ್ಪನ್ನು ಹಸಿಯಾಗಿ ತಿಂತಾರೆ, ಅಲ್ಲಿ ಬೆಂಕಿ ಅನ್ನೋ ಕಂಟ್ರೋಲ್ ಪಾಯಿಂಟೇ ಇಲ್ಲ. ನೀರು ಕೆಟ್ಟರೆ ಊಟ ಕೆಟ್ಟಂತೆ.

ಮತ್ತೆ ನೊರೆಹಾಲಿಗೆ

ತಾತನ ಹಸುವಿನಲ್ಲಿ ಒ157 ಇದೆ ಅಂತ ನಾನು ಹೇಳ್ತಿಲ್ಲ. ಹಸುವನ್ನು ನೋಡಿ ಇಲ್ಲ ಅಂತ ಹೇಳೋಕಾಗಲ್ಲ ಅಂತ ಹೇಳ್ತಿದ್ದೀನಿ. ಕೆಚ್ಚಲಿನಿಂದ ಸಗಣಿ ಹತ್ತಿರದಲ್ಲೇ ಇರತ್ತೆ. ಹಸಿ ಹಾಲಿನಿಂದ ಈ ಬ್ಯಾಕ್ಟೀರಿಯಾ ಹರಡಿದ ಪ್ರಕರಣಗಳೂ ಬೇರೆ ದೇಶಗಳಲ್ಲಿ ಆಗಿವೆ.

ಈಗ ಬಾಕಿ ಉಳಿಸಿದ ಲೆಕ್ಕ. ಹಾಲನ್ನು ಪಾಶ್ಚರೀಕರಿಸೋಕೆ ಎರಡು ದಾರಿ ಇವೆ: 63 ಡಿಗ್ರಿಯಲ್ಲಿ 30 ನಿಮಿಷ, ಅಥವಾ 72 ಡಿಗ್ರಿಯಲ್ಲಿ 15 ಸೆಕೆಂಡ್. ಎರಡೂ ಹೆಚ್ಚುಕಮ್ಮಿ ಒಂದೇ ಕೆಲಸ ಮಾಡುತ್ತವೆ. 30 ನಿಮಿಷ ಅಂದ್ರೆ 1800 ಸೆಕೆಂಡ್. ಅದನ್ನು 15ರಿಂದ ಭಾಗಿಸಿದರೆ 120. ಅಂದ್ರೆ ಬರೀ 9 ಡಿಗ್ರಿ ಹೆಚ್ಚಾದರೆ ಕೊಲ್ಲುವ ವೇಗ 120 ಪಟ್ಟು. ಲಾಗ್ ತೆಗೆದು ನೋಡಿದರೆ, ಸುಮಾರು ಪ್ರತಿ 4.3 ಡಿಗ್ರಿಗೆ ವೇಗ ಹತ್ತು ಪಟ್ಟು. ಈ ಲೆಕ್ಕ ಹಾಲಿನದ್ದು. ಮಾಂಸದಲ್ಲಿ, ಬೇರೆ ಬ್ಯಾಕ್ಟೀರಿಯಾಕ್ಕೆ ಆ 4.3 ಬದಲಾಗುತ್ತದೆ, ಆದರೆ ಏರುವ ರೀತಿ ಇದೇ. 60ಕ್ಕೂ 68ಕ್ಕೂ ಇರೋ ಎಂಟು ಡಿಗ್ರಿ ಯಾಕೆ ಸಣ್ಣದಲ್ಲ ಅಂತ ಈಗ ಗೊತ್ತಾಯ್ತಲ್ಲ. ಅಜ್ಜಿ ಹಾಲು ಉಕ್ಕೋವರೆಗೂ ಕಾಸೋದು ಇದೆಲ್ಲವನ್ನೂ ದಾಟಿದ ಕೆಲಸ.

ಹಾಸ್ಟೆಲ್‌ನಲ್ಲಿರೋ ನಮಗೂ ಎರಡು ನಂಬರ್ ನೆನಪಿರಲಿ. ವಿಶ್ವ ಆರೋಗ್ಯ ಸಂಸ್ಥೆ ಹೇಳೋದು: ಬಿಸಿ ಊಟ 60 ಡಿಗ್ರಿಗಿಂತ ಮೇಲೆ, ತಣ್ಣಗಿಡೋದು 5 ಡಿಗ್ರಿಗಿಂತ ಕೆಳಗೆ. ನಡುವೆ ಇರೋದು ಬ್ಯಾಕ್ಟೀರಿಯಾದ ಜಾಗ. ಅದಕ್ಕೆ ಬೇಕಾದ ಬಿಸಿ, ಆಹಾರ ಎಲ್ಲ ಸಿಕ್ಕರೆ ಇ. ಕೊಲೈ 20 ನಿಮಿಷಕ್ಕೊಮ್ಮೆ ಎರಡಾಗುತ್ತದೆ. ಆ ಲೆಕ್ಕದಲ್ಲಿ ಒಂದು ಬ್ಯಾಕ್ಟೀರಿಯಾ ಏಳು ಗಂಟೆಯಲ್ಲಿ 20 ಲಕ್ಷ ದಾಟುತ್ತದೆ. ರಾತ್ರಿ ಆರ್ಡರ್ ಮಾಡಿ ಮಿಕ್ಕಿದ್ದನ್ನು ಟೇಬಲ್ ಮೇಲೆ ಬಿಟ್ಟು ಬೆಳಗ್ಗೆ ತಿನ್ನೋ ಅಭ್ಯಾಸ ನನಗೂ ಇತ್ತು. ಬಿಟ್ಟಿದ್ದೀನಿ.

ಹೋದ ವಾರ ಫೋನ್‌ನಲ್ಲಿ ತಾತನಿಗೆ ಚಿಲಕದ ಕಥೆ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಕಾಸಿದ್ರೆ ನೊರೆ ಎಲ್ಲಿರತ್ತೋ?" ಅಂದರು. ಒಪ್ಪಿದರೋ ಇಲ್ಲವೋ ಗೊತ್ತಾಗಲಿಲ್ಲ. ಆದರೆ ಹಿಂದಿನಿಂದ ಅಜ್ಜಿ ಕೇಳಿಸಿಕೊಳ್ತಿದ್ದರಂತೆ. ಮಾರನೇ ದಿನದಿಂದ ಕೊಟ್ಟಿಗೆಗೆ ಚೊಂಬು ಮಾತ್ರ ಹೋಗತ್ತೆ, ಲೋಟ ಅಡುಗೆಮನೆ ದಾಟಲ್ಲ. ಮಗು ಹಾಲು ಕುಡಿಯಬೇಕಂದ್ರೆ ಒಲೆಯ ಹತ್ತಿರವೇ ಬರಬೇಕು.

ಹ್ಯಾಸಪ್ ಅಂದ್ರೇನು ಅಂತ ಅಜ್ಜಿಗೆ ಗೊತ್ತಿಲ್ಲ. ಕಂಟ್ರೋಲ್ ಪಾಯಿಂಟ್ ಮಾತ್ರ ಸರಿಯಾದ ಜಾಗದಲ್ಲೇ ಇಟ್ಟಿದ್ದಾರೆ.